ಕೂಲಿಯೂ ಮರ್ಯಾದೆಯೂ

ಕೆಲಸಗಾರರಲ್ಲಿ ಶ್ರದ್ಧೆಯಿಲ್ಲ, ಮೈಗಳ್ಳತನ ಹೆಚ್ಚಿತು ಎಂಬ ದೂರು ಕಾರ್ಖಾನೆಯ ಯಜಮಾನರಿಂದಲೂ ಕಚೇರಿಯ ಮೇಲಧಿಕಾರಿಗಳಿಂದಲೂ ಪದೇ ಪದೇ ಕೇಳಬರುತ್ತಿರುವುದು. ಹೀಗೆ ದೂರುವವರು ಅಮೆರಿಕದ ಫೋರ್ಡ್ ಮೋಟಾರು ಕಾರ್ಖಾನೆಯ ಚರಿತ್ರೆಯನ್ನು ಒಮ್ಮೆ ಪರ್ಯಾಲೋಚಿಸಬೇಕೆಂದು ನಾವು ಸೂಚಿಸುತ್ತೇವೆ.

1913ರಲ್ಲಿ ಹೈಲೆಂಡ್ ಪಾರ್ಕಿನ ಆ ಕಾರ್ಖಾನೆಯಲ್ಲಿ ಬಂಡಿಯ ಜೋಡಣೆಯು ಚಲಿಸುವ ಸಾಲಿನ ಮೇಲೆ ನಡೆಯತೊಡಗಿತು. ವೇಗವೇನೋ ಹೆಚ್ಚಿತು; ಆದರೆ ದಿನವಿಡೀ ಒಂದೇ ಕೆಲಸವನ್ನು ಮಾಡುವ ಬೇಸರವನ್ನು ತಾಳಲಾರದೆ ಜನರು ಬಿಟ್ಟುಹೋದರು. ಸುಮಾರು 14,000 ಆಳುಗಳನ್ನು ಇಟ್ಟುಕೊಳ್ಳಲು ಆ ಒಂದು ವರ್ಷದಲ್ಲಿಯೇ 50,000ಕ್ಕೂ ಹೆಚ್ಚು ಮಂದಿಯನ್ನು ನೇಮಿಸಬೇಕಾಯಿತು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡನು ಸುಮಾರು 2.34 ಡಾಲರಿದ್ದ ದಿನಗೂಲಿಯನ್ನು 5 ಡಾಲರಿಗೆ ಏರಿಸಿ, 9 ಗಂಟೆಗಳ ದುಡಿಮೆಯನ್ನು 8ಕ್ಕೆ ಇಳಿಸಿದನು. ಬಿಟ್ಟುಹೋಗುವವರ ಸಂಖ್ಯೆ ಕುಗ್ಗಿತು, ಗೈರುಹಾಜರಿ ತಗ್ಗಿತು. ಖರ್ಚನ್ನು ಉಳಿಸುವುದರಲ್ಲಿ ಇದಕ್ಕಿಂತ ಒಳ್ಳೆಯ ಉಪಾಯಗಳು ವಿರಳವೆಂದು ಫೋರ್ಡನೇ ತರುವಾಯ ಬರೆದನು. ಇದು ಧರ್ಮವಲ್ಲ, ಲೆಕ್ಕಾಚಾರ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ 5 ಡಾಲರುಗಳಲ್ಲಿ ಸುಮಾರು ಅರ್ಧದಷ್ಟು ಷರತ್ತಿಗೆ ಒಳಪಟ್ಟಿತ್ತು. ಕುಡಿತವುಂಟೋ, ಉಳಿತಾಯವುಂಟೋ ಎಂದು ವಿಚಾರಿಸಲು ಕಂಪೆನಿಯ ತನಿಖೆದಾರರು ಕೆಲಸಗಾರರ ಮನೆಗಳಿಗೇ ಬರುತ್ತಿದ್ದರು. 1937ರಲ್ಲಿ ಕಾರ್ಮಿಕ ಸಂಘದವರನ್ನು ಕಂಪೆನಿಯ ಕಾವಲಿನವರು ಹೊಡೆದರು. ಕಡೆಗೆ 1941ರ ಮುಷ್ಕರದ ಮುಂದೆ ಕಂಪೆನಿಯು ಮಣಿದು ಸಂಘವನ್ನು ಒಪ್ಪಿಕೊಳ್ಳಬೇಕಾಯಿತು. ಕೂಲಿಯು ಆಳನ್ನು ಬಾಗಿಲೊಳಗೆ ನಿಲ್ಲಿಸಬಲ್ಲದು. ಅವನ ಮನಸ್ಸನ್ನು ಗೆಲ್ಲಲಾರದು.

ಈ ಪಾಠವು ನಮ್ಮ ನಾಡಿಗೆ ಹೊಸದಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಯ ಕೆಲಸಗಾರರು ಮುಷ್ಕರ ಹೂಡಿದುದು ಬೆರಳಚ್ಚು ತೆಗೆದು ದಾಖಲು ಮಾಡುವ ಕ್ರಮಕ್ಕೆ ವಿರೋಧವಾಗಿ. ಕಳ್ಳರಂತೆ ಎಣಿಸಲ್ಪಡುವುದನ್ನು ಬಡವನೂ ಸಹಿಸನು.

ಹಾಗೆಂದು ಮರ್ಯಾದೆಯ ಮಾತನ್ನೇ ಸಂಬಳಕ್ಕೆ ಬದಲಾಗಿ ಕೊಡುವುದೂ ಸಲ್ಲದು. ಒಂದೇ ಕಚೇರಿಯಲ್ಲಿ, ಅಕ್ಕಪಕ್ಕದ ಮೇಜುಗಳಲ್ಲಿ ಒಂದೇ ಕೆಲಸವನ್ನು ಮಾಡುವ ಇಬ್ಬರಲ್ಲಿ ಕಾಯಂ ನೌಕರನಿಗೊಂದು ಸಂಬಳ, ತಾತ್ಕಾಲಿಕನಿಗೆ ಅದರ ಒಂದಂಶವೆಂಬುದು ಯಾವ ನ್ಯಾಯ? ಸರ್ಕಾರದ ತಾತ್ಕಾಲಿಕ ನೌಕರರ ವಿಷಯದಲ್ಲಿಯೂ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವು ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿಯೇ ತೀರ್ಪಿತ್ತಿದೆ. ತೀರ್ಪು ಕಡತದಲ್ಲಿ ಮಲಗಿದ್ದರೆ ಫಲವಿಲ್ಲ.

ಆದಕಾರಣ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಹೊಟ್ಟೆಗೆ ಸಾಲುವ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡಿರಿ, ದೂರನ್ನು ಕಿವಿಗೊಟ್ಟು ಕೇಳಿರಿ, ನಾಲ್ವರೆದುರು ಹೀನಾಯ ಮಾಡಬೇಡಿರಿ. ಆಮೇಲೂ ಕೆಲಸ ಸಾಗದಿದ್ದರೆ ಮೈಗಳ್ಳತನದ ಮಾತನ್ನಾಡುವ ಹಕ್ಕು ತಮಗಿರುವುದು. ಅದಕ್ಕೆ ಮೊದಲು ಇಲ್ಲ.