ಹಳೇ ಪಿಂಚಣಿ ಸರಿ, ಹಳಬರ ಪಾಡು?

ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ರದ್ದಾಗಬೇಕು, ಹಳೇ ಪಿಂಚಣಿಯೇ ಮರಳಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸರ್ಕಾರಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಕೂತರು. 2023ರ ಮಾರ್ಚ್ 1ರಂದು ಅವರ ಮುಷ್ಕರಕ್ಕೆ ಕಚೇರಿ, ಶಾಲೆಗಳ ಬಾಗಿಲು ಮುಚ್ಚಿತು. ಅದೇ ದಿನ ಸರ್ಕಾರ ಶೇ 17 ಮಧ್ಯಂತರ ಪರಿಹಾರ ಕೊಟ್ಟು, ಪಿಂಚಣಿಗೊಂದು ಸಮಿತಿ ಮಾಡುತ್ತೇನೆಂದು ಕೈಮುಗಿಯಿತು. 2024ರ ಜನವರಿಯಲ್ಲಿ, ಎನ್‌ಪಿಎಸ್ ಜಾರಿಯಾದ 2006ರ ಏಪ್ರಿಲ್ 1ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ಮಂದಿಗೆ ಹಳೇ ಪಿಂಚಣಿ ಸಿಕ್ಕಿತು. ಉಳಿದವರ ಹೋರಾಟ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಮೂವತ್ತು ವರ್ಷ ದುಡಿದವನ ಮುಪ್ಪನ್ನು ಷೇರುಪೇಟೆಯ ಏರಿಳಿತಕ್ಕೆ ಕಟ್ಟಿಹಾಕುವುದು ನ್ಯಾಯವಲ್ಲ. ಅವರ ಬೇಡಿಕೆಯ ಬಗ್ಗೆ ನನಗೆ ತಕರಾರಿಲ್ಲ. ಮುಪ್ಪಿನ ಮಾತೆಂದರೆ ಅಷ್ಟೇ ಎಂಬಂತೆ ಇಡೀ ರಾಜ್ಯ ಮಾತಾಡುತ್ತಿದೆಯಲ್ಲ, ತಕರಾರು ಅದರ ಮೇಲೆ.

ಮದ್ದೂರು ಸೀಮೆಯ ಬೆಸಗರಹಳ್ಳಿಯಂಥ ಊರಿನಲ್ಲಿ ನಿಂತು ನೋಡಿದರೆ ಆ ಮಾತು ಎಷ್ಟು ಮೇಲುಮೇಲಿನದೆಂದು ಕಾಣುತ್ತದೆ. ತಿಂಗಳ ಮೊದಲ ವಾರ ಬ್ಯಾಂಕಿಗೆ ಬರುವ ನಿವೃತ್ತ ಮೇಷ್ಟ್ರಿಗೆ ಒಳಗೆ ಕುರ್ಚಿ ಸಿಗುತ್ತದೆ. ಅದೇ ಬ್ಯಾಂಕಿನ ಮೆಟ್ಟಿಲ ಮೇಲೆ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ವೇತನದ ಹಣ ನೋಡಲು ಬಂದ ಅಜ್ಜಿ, ಕಂಡಕಂಡವರಿಗೆ ಪಾಸ್‌ಬುಕ್ ಚಾಚಿ "ದುಡ್ ಬಿದ್ದದಾ ನೋಡಪ್ಪಾ" ಎನ್ನುತ್ತಾಳೆ. ಇಬ್ಬರಿಗೂ ಎಪ್ಪತ್ತರ ಆಸುಪಾಸು. ಇಬ್ಬರೂ ದುಡಿದವರೇ, ಯಾರು ಹೆಚ್ಚು ಬೆನ್ನು ಬಗ್ಗಿಸಿದರು ಎಂದು ಲೆಕ್ಕ ಹಾಕಹೋದರೆ ಮೇಷ್ಟ್ರೇ ನಾಚಿಕೊಂಡಾರು.

ಏಳನೇ ವೇತನ ಆಯೋಗದ ವರದಿ 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ರಾಜ್ಯ ಸರ್ಕಾರದ ಕನಿಷ್ಠ ಪಿಂಚಣಿ 13,500 ರೂಪಾಯಿ, ಗರಿಷ್ಠ 1,20,600. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ 400 ರೂಪಾಯಿಗೆ ಶುರುವಾಗಿ, ಆರುನೂರು, ಸಾವಿರ ಆಗಿ, 2021ರಲ್ಲಿ 1,200ಕ್ಕೆ ಬಂತು. ದಿನಕ್ಕೆ ನಲವತ್ತು ರೂಪಾಯಿ. ಅಂದರೆ ಒಂದೇ ಖಜಾನೆ, ಒಂದೇ ವಯಸ್ಸು, ತುದಿಯಿಂದ ಬುಡಕ್ಕೆ ನೂರು ಪಟ್ಟು ಅಂತರ. ಇನ್ನು ಕೇಂದ್ರ ತನ್ನ ವೃದ್ಧಾಪ್ಯ ಪಿಂಚಣಿಗೆ ಎಂಬತ್ತು ತುಂಬದವರ ತಲೆಗೆ ಕೊಡುವ ಪಾಲು 200 ರೂಪಾಯಿ, ಅದೂ 2006ರಲ್ಲಿ ನಿಗದಿಯಾದದ್ದು. ಆಗ ಹುಟ್ಟಿದ ಮಗು ಈಗ ಓಟು ಹಾಕುತ್ತಿದೆ.

"ಅವರು ಪರೀಕ್ಷೆ ಬರೆದು ಬಂದವರು ಸ್ವಾಮಿ, ಕೂಲಿಯವರ ಜೊತೆ ಯಾಕೆ ಹೋಲಿಸುತ್ತೀರಿ?" ಎಂದು ಕೇಳುವವರಿದ್ದಾರೆ. ಇವರಿಗೆ ಉತ್ತರ ಲಂಡನ್ನಿನಲ್ಲಿದೆ. 1967ರಲ್ಲಿ ಅಲ್ಲಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ಸುಮಾರು 18,000 ಗಂಡಸು ನೌಕರರನ್ನು ವೈದ್ಯರು ಪರೀಕ್ಷಿಸಿ, ದಶಕಗಟ್ಟಲೆ ಅವರ ಬೆನ್ನುಹತ್ತಿದರು. ಎಲ್ಲರಿಗೂ ಕಾಯಂ ನೌಕರಿ, ಎಲ್ಲರಿಗೂ ಪಿಂಚಣಿ, ಎಲ್ಲರಿಗೂ ಪುಕ್ಕಟೆ ಸರ್ಕಾರಿ ಆಸ್ಪತ್ರೆ. ಆದರೂ ಹೃದಯದ ಕಾಯಿಲೆಯಿಂದ ಸಾಯುವವರ ಪ್ರಮಾಣ ಕೆಳಗಿನ ದರ್ಜೆಯಲ್ಲಿ ಮೇಲಿನ ದರ್ಜೆಗಿಂತ ಸುಮಾರು ಮೂರು ಪಟ್ಟಿತ್ತು. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಿಡಿದರೂ ಅಂತರ ಪೂರ್ತಿ ಅಳಿಯಲಿಲ್ಲ. ಈ ಅಧ್ಯಯನದ ಮೈಕೆಲ್ ಮಾರ್ಮಟ್ ಮತ್ತವರ ಜೊತೆಗಾರರು ಇಪ್ಪತ್ತೈದು ವರ್ಷದ ಲೆಕ್ಕ ತೆಗೆದಾಗ ಕಂಡದ್ದು ಇನ್ನೂ ಕಟುವಾದದ್ದು: ನಿವೃತ್ತರಾದ ಮೇಲೂ ದರ್ಜೆ ಬೆನ್ನು ಬಿಡಲಿಲ್ಲ. ಅಂತರ ಕಡಿಮೆಯಾಯಿತು, ಹೋಗಲಿಲ್ಲ.

ಬಡತನ ಕೊಲ್ಲುತ್ತದೆಂಬುದು ನಮಗೆ ಗೊತ್ತಿದ್ದ ಮಾತು. ಲಂಡನ್ನಿನಲ್ಲಿ ಸತ್ತವರು ಬಡವರಲ್ಲ, ಕೆಳಗಿನವರು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರು, ಎಲ್ಲರ ಮಾತಿಗೂ ತಲೆಯಾಡಿಸಬೇಕಾದವರು. ಪಿಂಚಣಿಯಿದ್ದ ಲಂಡನ್ನಿನ ಜವಾನನ ಗತಿಯೇ ಹೀಗಾದರೆ, ಪಿಂಚಣಿಯೂ ಇಲ್ಲದೆ, ಆಲೆಮನೆಯ ಒಲೆ ಮುಂದೆ ತರಗು ತಳ್ಳುತ್ತ ಮೈ ಸುಟ್ಟುಕೊಂಡವನ ಗತಿಯೇನು? ಈ ಊರಿನ ಹೆಸರನ್ನು ಕನ್ನಡ ಸಾಹಿತ್ಯಕ್ಕೆ ತಂದ ಬೆಸಗರಹಳ್ಳಿ ರಾಮಣ್ಣನವರು ಕತೆಗಾರರೂ ಹೌದು, ವೈದ್ಯರೂ ಹೌದು. ರೋಗಿಯ ನಾಡಿ ಹಿಡಿದಾಗಲೇ ಅವನ ಜಾತಿ, ಜಮೀನು, ಸಾಲವೂ ಕೈಗೆ ತಾಕುತ್ತದೆಂಬುದನ್ನು ಅಂಥವರಿಗೆ ಲಂಡನ್ನಿನವರು ಹೇಳಿಕೊಡಬೇಕಾಗಿರಲಿಲ್ಲ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ನೋಡಿ. ಮದ್ದೂರು ಸೀಮೆಯ ಹಳ್ಳಿಗಳಿಂದ ಬೆಳಗಿನ ಜಾವವೇ ಬುತ್ತಿ ಕಟ್ಟಿಕೊಂಡು ಹೊರಡುವವರು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕಾದೀತೆಂದು ಬಾಯಾರಿಕೆ ತಡೆಯುವ ಕೆಲಸ. ನಲವತ್ತೈದಕ್ಕೆ ಕಣ್ಣು, ಸೊಂಟ ಸೋತು ಮನೆ ಸೇರಿದರೆ ಅದೇ ನಿವೃತ್ತಿ, ಹಾರವಿಲ್ಲ, ಶಾಲಿಲ್ಲ. ಅವರ ಪಿಎಫ್ ಪಿಂಚಣಿಯ ಸೂತ್ರ ಹೀಗಿದೆ: ಕೊನೆಯ ಐದು ವರ್ಷದ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 12,000 ಸಂಬಳ, 15 ವರ್ಷ ಸೇವೆ ಎಂದರೆ 58ನೇ ವಯಸ್ಸಿಗೆ ತಿಂಗಳಿಗೆ 2,571 ರೂಪಾಯಿ. ಹತ್ತು ವರ್ಷ ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ. ಹತ್ತು ವರ್ಷ ತುಂಬಿಸುವುದು ಅವರ ಕೈಯಲ್ಲಿದೆಯೇ? 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಘಟಕ ಒಮ್ಮೆಗೇ 1,200ಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು, ಹೆಚ್ಚಿನವರು ಹೆಂಗಸರು.

ಇಷ್ಟಾದರೂ ಮುಪ್ಪಿನ ಹಣಕ್ಕಾಗಿ ಈ ರಾಜ್ಯದಲ್ಲಿ ನಡೆದ ದೊಡ್ಡ ಬಂಡಾಯಗಳಲ್ಲೊಂದು ಇವರದೇ. ಕಂಪನಿ ಪಾಲಿನ ಪಿಎಫ್ ಹಣವನ್ನು 58 ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ 2016ರ ಫೆಬ್ರುವರಿಯಲ್ಲಿ ನಿಯಮ ತಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೆದ್ದಾರಿಗಳಿಗೆ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಇಳಿದರು. ಎರಡನೇ ದಿನ ಸಂಜೆಯೊಳಗೆ ನಿಯಮ ವಾಪಸಾಯಿತು. ಪಂಡಿತರು ಆಗ "ಇವರಿಗೆ ಉಳಿತಾಯದ ಅರಿವಿಲ್ಲ" ಎಂದರು. ಅರಿವಿತ್ತು. ಐವತ್ತೆಂಟರ ತನಕ ಯಾವ ಫ್ಯಾಕ್ಟರಿಯೂ ತಮ್ಮನ್ನು ಇಟ್ಟುಕೊಳ್ಳುವುದಿಲ್ಲ ಎಂಬ ಅರಿವು.

ಅಂಗನವಾಡಿ ಕಾರ್ಯಕರ್ತೆಯರದು ಇನ್ನೊಂದು ಕತೆ. ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ರಾಜ್ಯ ಒಪ್ಪಿತು, ಆದರೆ 2023ರ ಏಪ್ರಿಲ್ 1ರಿಂದೀಚೆಗೆ ನಿವೃತ್ತರಾದವರಿಗೆ ಮಾತ್ರ. ಮಾರ್ಚ್ ಕೊನೆಗೆ ಅರವತ್ತು ತುಂಬಿದವಳು ಸಾಕಿದ್ದು ಬೇರೆ ಮಕ್ಕಳನ್ನೇ?

ಖಜಾನೆಯಲ್ಲಿ ಹಣವಿಲ್ಲ ಎಂಬ ರಾಗವನ್ನು ನನ್ನ ಮುಂದೆ ಹಾಡಬೇಡಿ. 2025ರ ಮಾರ್ಚ್ 21ರಂದು ಸದನದಲ್ಲಿ ಗದ್ದಲವೋ ಗದ್ದಲ. ಹದಿನೆಂಟು ಶಾಸಕರು ಅಮಾನತಾದರು. ಆ ಗಲಾಟೆಯ ನಡುವೆಯೇ ಶಾಸಕರ ವೇತನ, ಪಿಂಚಣಿ ಹೆಚ್ಚಿಸುವ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಏರಿತು. ಅವರಿಗೆ ಎನ್‌ಪಿಎಸ್ ಇಲ್ಲ, ಷೇರುಪೇಟೆಯ ಹಂಗಿಲ್ಲ, ಮೂವತ್ತು ವರ್ಷದ ಸೇವೆಯೂ ಬೇಡ.

ಮುಪ್ಪಿನಲ್ಲಿ ಹಣಕ್ಕಿಂತ ಮರ್ಯಾದೆ ಮುಖ್ಯ ಎನ್ನುವವರಿಗೂ ಒಂದು ಮಾತು. ನಮ್ಮಲ್ಲಿ ಮರ್ಯಾದೆಯೂ ಹಣದ ದಾರಿಯಲ್ಲೇ ಬರುತ್ತದೆ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಗೋ ಸೊಸೆಗೋ ಎಂದು ನಾಡೆಲ್ಲ ನಕ್ಕಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿದ್ದವಳಿಗೇ ಹಣ ಎಂದಾಯಿತು. ಎಷ್ಟೋ ಮನೆಯಲ್ಲಿ ಆಕೆ ಅತ್ತೆಯೇ. ಮೂಲೆಯಲ್ಲಿದ್ದ ಮುದುಕಿಯನ್ನು "ಅವ್ವ, ಊಟ ಆಯ್ತಾ" ಎಂದು ಮಾತಾಡಿಸುವ ಧ್ವನಿ ಸ್ವಲ್ಪ ಬದಲಾಯಿತು. ಜಮೀನು ಇರುವವರ ಮನೆಯಲ್ಲೂ ಅಷ್ಟೇ: ಪಾಲು ಮಾಡುವ ತನಕ ಅಪ್ಪ ಯಜಮಾನ, ಪಾಲು ಮಾಡಿದ ಮೇಲೆ ಸರದಿ ಪ್ರಕಾರ ಊಟ. ಜಮೀನೇ ಇಲ್ಲದ ದಲಿತ ಕೇರಿಯ ಅಜ್ಜನಿಗೆ ಆ ಮೊದಲ ಭಾಗವೂ ಇಲ್ಲ. ಎಪ್ಪತ್ತರಲ್ಲೂ ಕಳೆ ಕೀಳಲು ಹೋಗುತ್ತಾನೆ, ಅದೂ ಯಾರಾದರೂ ಕರೆದರೆ.

ಆದ್ದರಿಂದ ನನ್ನ ಬೇಡಿಕೆ ನೇರವಾದದ್ದು. ಸರ್ಕಾರಿ ನೌಕರರಿಗೆ, ನಿವೃತ್ತರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಬೆಲೆಯೇರಿಕೆ ಅವರ ಅಡುಗೆಮನೆಗೆ ಮಾತ್ರ ಬರುವುದಿಲ್ಲವಾದ್ದರಿಂದ, ಅದೇ ಆದೇಶದ ಕೆಳಗೆ ಸಂಧ್ಯಾ ಸುರಕ್ಷಾಕ್ಕೂ ಅದೇ ಶೇಕಡಾವಾರು ಏರಿಕೆ ಎಂಬ ಒಂದು ಸಾಲು ಸೇರಲಿ. ಏರಿಕೆ ಎಣಿಸುವ ಮೊದಲು 1,200 ಎಂಬ ಬುಡವನ್ನೇ ಕನಿಷ್ಠ ಸರ್ಕಾರಿ ಪಿಂಚಣಿಯ ಕಾಲು ಭಾಗಕ್ಕೆ, ಅಂದರೆ 3,375ಕ್ಕೆ ತರಲಿ. ಇದನ್ನು ಸರ್ಕಾರಕ್ಕಿಂತ ಮೊದಲು ನೌಕರರ ಸಂಘಗಳಿಗೆ ಕೇಳುತ್ತಿದ್ದೇನೆ. ಒಂದೇ ದಿನದಲ್ಲಿ ವಿಧಾನಸೌಧವನ್ನು ಬಗ್ಗಿಸಿದ ಬಲ ಅವರದು. ಮುಂದಿನ ಮನವಿ ಪತ್ರದಲ್ಲಿ ಹಳೇ ಪಿಂಚಣಿಗಿಂತ ಮೇಲೆ ಈ ಬೇಡಿಕೆ ಬರೆಯಲು ಎಷ್ಟು ಸಂಘಗಳು ಸಹಿ ಹಾಕುತ್ತವೆ ಎಂದು ನೋಡೋಣ.