ಒಂದು ಆಟದ ಒಕ್ಕಲು

ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಕವಡೆ ಎಸೆಯುವವರಿಗೆ ಆ ಆಟವನ್ನು ಯಾರು ರಚಿಸಿದರೆಂಬ ಚಿಂತೆಯಿಲ್ಲ. ಮನೆ ಬರೆಯುವವರೂ ಅವರೇ, ಆಡುವವರೂ ಅವರೇ, ತಂಟೆ ಬಂದಾಗ ತೀರ್ಪು ಹೇಳುವವರೂ ಅವರೇ. ಹಣ ಕೊಟ್ಟು ಕೊಳ್ಳುವ ಕಂಪ್ಯೂಟರ್ ಆಟಗಳ ಜಾತಕ ಬೇರೆ. ಎರಡು ಮೂರು ವರ್ಷ ಮೆರೆದು, ಹೊಸದೊಂದು ಬಂದೊಡನೆ ಮೂಲೆ ಸೇರುವುದೇ ಅವುಗಳಲ್ಲಿ ಬಹುಪಾಲಿನ ಗತಿ. ಈ ಗತಿಯನ್ನು ತಪ್ಪಿಸಿಕೊಂಡು, ಇಪ್ಪತ್ತು ವರ್ಷಗಳನ್ನು ಮೀರಿ ಬಾಳಿರುವ ಒಂದು ಕಾರೋಟದ ಆಟ ಫ್ರಾನ್ಸ್ ದೇಶದಲ್ಲಿದೆ. ಅದರ ಹೆಸರು ಟ್ರ್ಯಾಕ್‌ಮೇನಿಯ. ಅದು ಉಳಿದುಕೊಂಡ ಬಗೆಯನ್ನು ನೋಡಿದರೆ ಅದೂ ಜಗಲಿಯ ಆಟದ ಕುಲಕ್ಕೇ ಸೇರಿದುದೆಂದು ತೋರುತ್ತದೆ.

ಪ್ಯಾರಿಸ್ಸಿನ ನಡೇಯೊ ಎಂಬ ಪುಟ್ಟ ಸಂಸ್ಥೆ 2003ರಲ್ಲಿ ಇದನ್ನು ಹೊರತಂದಿತು. ಆಟದ ಕಟ್ಟಳೆ ಬಹು ಸರಳ. ಒಂದು ಹಾದಿಯ ಮೇಲೆ ಎಲ್ಲರಿಗೂ ಒಂದೇ ಬಗೆಯ ಕಾರು. ಹೆಚ್ಚು ಹಣ ತೆತ್ತವನಿಗೆ ಹೆಚ್ಚು ಬಲದ ಎಂಜಿನ್ನು ಎಂಬ ಪಕ್ಷಪಾತವಿಲ್ಲ. ಹಲವರು ಒಟ್ಟಿಗೆ ಓಡಿದರೂ ಸಾಮಾನ್ಯವಾಗಿ ಒಬ್ಬರ ಕಾರು ಇನ್ನೊಬ್ಬರ ಕಾರಿಗೆ ತಾಗುವುದಿಲ್ಲ, ನೆರಳಿನಂತೆ ಹಾದುಹೋಗುತ್ತದೆ. ಅಡ್ಡ ಬಂದು ಕೆಡಿಸಿದನೆಂಬ ದೂರಿಗೆ ಅಲ್ಲಿ ಎಡೆಯಿಲ್ಲ. ಗಡಿಯಾರವೊಂದೇ ನ್ಯಾಯಾಧೀಶ. ಇದಕ್ಕಿಂತ ಮುಖ್ಯವಾದುದು, ಮಕ್ಕಳು ಮರದ ತುಂಡುಗಳನ್ನು ಜೋಡಿಸುವಂತೆ ಹಾದಿಯ ತುಂಡುಗಳನ್ನು ಜೋಡಿಸಿ ಹೊಸ ಓಟದ ಹಾದಿಯನ್ನು ಕಟ್ಟುವ ಸಲಕರಣೆಯನ್ನು ಸಂಸ್ಥೆಯವರು ಆಟದ ಜೊತೆಯಲ್ಲೇ ಕೊಟ್ಟುಬಿಟ್ಟರು. ಆ ಗಳಿಗೆಯಿಂದ ಆಟ ಅವರೊಬ್ಬರ ಸೊತ್ತಾಗಿ ಉಳಿಯಲಿಲ್ಲ.

2006ರಲ್ಲಿ ಗಣಕಕ್ರೀಡೆಯ ವಿಶ್ವಕಪ್ ಪಂದ್ಯಾವಳಿಗೆಂದು ಅವರು 'ನೇಷನ್ಸ್' ಎಂಬ ಆವೃತ್ತಿಯನ್ನು ರಚಿಸಿ, ಯಾರಿಂದಲೂ ಕಾಸು ಕೇಳದೆ ಹಂಚಿದರು. 2008ರಲ್ಲಿ ಬಂದ 'ನೇಷನ್ಸ್ ಫಾರೆವರ್' ಕೂಡ ಹಾಗೆಯೇ ಉಚಿತ. ಹಳೆಯ ಕಂಪ್ಯೂಟರಿನಲ್ಲೂ ಓಡಬಲ್ಲ, ಬೆಲೆಯಿಲ್ಲದ ಆಟ! ಶಾಲೆಯ ಹುಡುಗರಿಗೆ ಇನ್ನೇನು ಬೇಕು? ಅವರು ಆಡಿದ್ದಷ್ಟೇ ಅಲ್ಲ, ತಮ್ಮ ಖರ್ಚಿನಿಂದಲೇ ಸರ್ವರುಗಳನ್ನು ನಡೆಸಿದರು. ಹಾದಿಗಳನ್ನು ಕಟ್ಟಿ ಒಬ್ಬರಿಗೊಬ್ಬರು ಹಂಚಿಕೊಂಡರು. ಕೆಲವರ ಹುಚ್ಚು ಎಷ್ಟು ದೂರ ಹೋಯಿತೆಂದರೆ, ಆಟಗಾರನು ಮುಂದಕ್ಕೆ ಹೋಗುವ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಸಾಕು, ಚುಕ್ಕಾಣಿಯನ್ನು ಮುಟ್ಟದಿದ್ದರೂ ಕಾರು ಹಾರಿ, ಉರುಳಿ, ಗೋಡೆಗೆ ಬಡಿದು ತಾನಾಗಿಯೇ ಗುರಿ ಮುಟ್ಟುವಂಥ ಹಾದಿಗಳನ್ನು ಲೆಕ್ಕ ಹಾಕಿ ಕಟ್ಟಿದರು. ಆಡುವವನಿಗೆ ಕೆಲಸವೇ ಇಲ್ಲದ ಆಟವನ್ನು ಕಟ್ಟಲು ರಾತ್ರಿಗಳನ್ನು ಕಳೆಯುವವರನ್ನು ಕಂಡು ನಗುವವರು ನಗಲಿ. ಚಿತ್ರಕವಿತ್ವಕ್ಕೆ ತಲೆಬಾಗಿದ ನಾಡಿನವರು ಮಾತ್ರ ನಗಲಾಗದು.

ಈ ಬಳಗವನ್ನು ಗಟ್ಟಿಯಾಗಿ ಹೆಣೆದ ದಾರ ಇನ್ನೊಂದಿದೆ. ಒಂದು ಓಟ ಮುಗಿದಾಗ ಆಟಗಾರನು ಯಾವ ಕ್ಷಣದಲ್ಲಿ ಯಾವ ಗುಂಡಿಯನ್ನು ಒತ್ತಿದನೆಂಬುದೆಲ್ಲ ಒಂದು ಪುಟ್ಟ ಕಡತದಲ್ಲಿ ಬರೆದಿಡಲ್ಪಡುತ್ತದೆ. ಇದಕ್ಕೆ ರೀಪ್ಲೇ ಎಂದು ಹೆಸರು. ಅದೇ ಕ್ಷಣಗಳಲ್ಲಿ ಅದೇ ಗುಂಡಿಗಳನ್ನು ಒತ್ತಿದರೆ ಕಾರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಗೆಯೇ ಓಡುವಂತೆ ಆಟವನ್ನು ರಚಿಸಲಾಗಿದೆ. ಹೀಗಾಗಿ, ಜಗತ್ತಿನ ಅತ್ಯಂತ ವೇಗದ ಓಟಗಾರನ ರೀಪ್ಲೇಯನ್ನು ತರಿಸಿಕೊಂಡು, ಅವನ ಕಾರಿನ ನೆರಳನ್ನು ಪಕ್ಕದಲ್ಲಿ ಓಡಿಸುತ್ತ ತಾನೂ ಕಲಿಯಬಹುದು. ತಿರುವಿನಲ್ಲಿ ಅವನು ಎಲ್ಲಿ ಬ್ರೇಕು ಒತ್ತಿದ, ಎಲ್ಲಿ ಜಾರಿದ, ಎಲ್ಲಿ ಅಂಚನ್ನು ತಾಗಿದ ಎಂಬುದೆಲ್ಲ ಬಯಲು. ಗುರುವು ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವಂತಿಲ್ಲ. ಶಿಷ್ಯನು ಹೆಬ್ಬೆರಳು ಕೊಡಬೇಕಾಗಿಯೂ ಇಲ್ಲ. ಒಬ್ಬನು ಕಂಡುಹಿಡಿದ ಉಪಾಯ ಕೆಲವೇ ದಿನಗಳಲ್ಲಿ ಎಲ್ಲರದಾಗುತ್ತದೆ, ಎಲ್ಲರೂ ಸೇರಿ ಸೆಕೆಂಡಿನ ನೂರನೆಯ ಒಂದು ಪಾಲಿಗಾಗಿ ವರ್ಷಗಟ್ಟಲೆ ಹೆಣಗುತ್ತಾರೆ.

ಈ ಕಡತವೇ ಮುಂದೆ ಸಾಕ್ಷಿ ನುಡಿಯಿತು.

ಡೊನಾಡಿಗೊ ಎಂಬ ಹೆಸರಿನಲ್ಲಿ ಆಡುವವನೊಬ್ಬ, ರೀಪ್ಲೇಗಳೊಳಗಿನ ಗುಂಡಿಯೊತ್ತುಗಳನ್ನು ಪರೀಕ್ಷಿಸುವ ಸಾಧನವನ್ನು ಸಿದ್ಧಪಡಿಸಿದ್ದ. ವಿರ್ಟುವಲ್ ಎಂಬ ಹೆಸರಿನ ನಾರ್ವೆಯ ಆಟಗಾರನೂ ಅವನ ಜೊತೆಗೂಡಿದ. ಹಳೆಯ ದಾಖಲೆಗಳನ್ನು ನೋಡುತ್ತ ಹೋದಂತೆ ಕೆಲವು ಓಟಗಳಲ್ಲಿ ವಿಚಿತ್ರ ಕಂಡಿತು. ಚುಕ್ಕಾಣಿ ಒಂದೇ ಸೆಕೆಂಡಿನೊಳಗೆ ಮನುಷ್ಯನ ಕೈ ಮಾಡಲಾರದಷ್ಟು ಸಲ ಅತ್ತಿತ್ತ ಅಲುಗಿತ್ತು. ಅರ್ಥ ಸ್ಪಷ್ಟವಾಗಿತ್ತು. ಆಟದ ವೇಗವನ್ನೇ ಗುಟ್ಟಾಗಿ ತಗ್ಗಿಸಿ, ನಿಧಾನವಾಗಿ ಯೋಚಿಸಿ ತಿದ್ದಿ ಓಡಿಸಿ, ಆ ಓಟವನ್ನು ಸಹಜ ವೇಗದ್ದೆಂದು ಒಪ್ಪಿಸಲಾಗಿತ್ತು. ಇಂಥ ಓಟಗಳು ಒಂದೆರಡಲ್ಲ, ನೂರಾರು. ಹೆಚ್ಚು ನೋವಾದದ್ದು ಬೇರೊಂದಕ್ಕೆ. ಆ ಪಟ್ಟಿಯಲ್ಲಿ ಆಟದ ಅತಿ ಪ್ರಖ್ಯಾತ ಓಟಗಾರರಲ್ಲಿ ಒಬ್ಬನೂ ಇದ್ದ. ಜನ ನೋಡುತ್ತಿರುವಾಗ ನೇರ ಪ್ರಸಾರದಲ್ಲಿ ಆಡಿದ ಅವನ ಓಟಗಳಲ್ಲಿ ಕೈ ಶಾಂತವಾಗಿತ್ತು. ಒಬ್ಬನೇ ಕುಳಿತು ಆಡಿದ ಹಲವು ಓಟಗಳಲ್ಲಿ ಆ ಚಡಪಡಿಕೆ ಇತ್ತು.

2021ರ ಮೇ ತಿಂಗಳಲ್ಲಿ ಇವರು ಎಲ್ಲವನ್ನೂ ಬಹಿರಂಗಪಡಿಸಿದರು. 

ಕನ್ನಡ ಓದುಗರಿಗೆ ಇಲ್ಲಿ ಹಸ್ತಿನಾವತಿಯ ದ್ಯೂತಸಭೆ ನೆನಪಾಗದೆ ಇರದು. ಅಲ್ಲಿ ಶಕುನಿಯ ದಾಳದ ಗುಟ್ಟು ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ, ಆದರೆ ತಡೆಯಬಲ್ಲ ಹಿರಿಯರು ತಲೆತಗ್ಗಿಸಿ ಕುಳಿತರು. ಬಾಯಿ ತೆರೆದ ವಿದುರನ ಮಾತು ನಡೆಯಲಿಲ್ಲ. ಈ ಆಟದ ಸಭೆಯಲ್ಲಿ ವಿದುರನ ಮಾತು ನಡೆಯಿತು. ಅದೂ ವಿದುರನ ಮಾತೆಂದಲ್ಲ, ಲೆಕ್ಕವನ್ನು ಮುಂದಿಟ್ಟಿದ್ದರಿಂದ. ರೀಪ್ಲೇಗಳು ಸಾರ್ವಜನಿಕವಾಗಿಯೇ ಇದ್ದುದರಿಂದ, ಅನುಮಾನವಿದ್ದವನು ತಾನೇ ತೆರೆದು ಎಣಿಸಿ ನೋಡಬಹುದಾಗಿತ್ತು. ಆರೋಪ ಹೊರಿಸುವ ಹಕ್ಕು ಇಷ್ಟು ಹೊಣೆಯನ್ನಾದರೂ ಹೊತ್ತಿರಬೇಕು. ಬಳಗ ದೊಡ್ಡದಾದಷ್ಟೂ ಅದರ ಸಿಟ್ಟೂ ದೊಡ್ಡದು. ಸಾವಿರಾರು ಜನ ಒಮ್ಮೆಲೇ ಒಬ್ಬನತ್ತ ಬೆರಳು ತೋರುವಾಗ ಅವನು ತಪ್ಪಿತಸ್ಥನೇ ಆದರೂ ನೋಡುವವರ ಮನಸ್ಸು ಅಳುಕುತ್ತದೆ.

ದಾಖಲೆಗಳ ಪಟ್ಟಿ ತಿದ್ದಲ್ಪಟ್ಟಿತು. ಆಟ ನಿಲ್ಲಲಿಲ್ಲ. ನಡೇಯೊ ಸಂಸ್ಥೆ 2009ರಲ್ಲೇ ಯೂಬಿಸಾಫ್ಟ್ ಎಂಬ ದೊಡ್ಡ ಮನೆಯನ್ನು ಸೇರಿತ್ತು. 2020ರ ಜುಲೈಯಲ್ಲಿ ಹೊಸ ಆವೃತ್ತಿ ಬಂದಿತ್ತು. ಅದರಲ್ಲಿ ಆಟಗಾರರು ಕಟ್ಟಿದ ಹಾದಿಗಳಿಂದ ಒಂದನ್ನು ಪ್ರತಿದಿನ ಪ್ಯಾರಿಸ್ಸಿನ ಸಂಜೆ 7 ಗಂಟೆಗೆ ಆ ದಿನದ ಹಾದಿಯೆಂದು ಪ್ರಕಟಿಸುತ್ತಾರೆ. ಹದಿನೈದು ನಿಮಿಷದ ಅರ್ಹತಾ ಸುತ್ತು, ಬಳಿಕ 64 ಜನರ ಗುಂಪುಗಳಾಗಿ ಸೋತವರು ಕಳಚಿಕೊಳ್ಳುವ ಪಂದ್ಯ. ಸಂಜೆಯ ಭಜನೆಗೆ ಸೇರುವವರಂತೆ ಜನ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತಾರೆ. 2024ರ ಮೇ ತಿಂಗಳಲ್ಲಿ ಬಳಗದವರು 'ಡೀಪ್ ಡಿಪ್ 2' ಎಂಬ ಹದಿನಾರು ಅಂತಸ್ತಿನ ಗೋಪುರವನ್ನು ಕಟ್ಟಿದರು. ನಡುವೆ ಎಲ್ಲಿಯೂ ತಂಗುದಾಣವಿಲ್ಲ. ಹದಿನೈದನೆಯ ಅಂತಸ್ತಿನಿಂದ ಜಾರಿದವನು ನೆಲದವರೆಗೂ ಬೀಳಬಹುದು. ಬಹುಮಾನದ ಹಣವನ್ನು ನೋಡುಗರೇ ಕೂಡಿಸಿದರು. ಬಿದ್ದವರು ಮತ್ತೆ ಹತ್ತುವುದನ್ನು ಜನ ವಾರಗಟ್ಟಲೆ ನೋಡಿದರು.

ಹೊಸ ಆವೃತ್ತಿಯ ಎಲ್ಲ ಸೌಲಭ್ಯಗಳಿಗೆ ಚಂದಾ ತೆರಬೇಕು. ಆಟ ಸಂಸ್ಥೆಯ ಸರ್ವರುಗಳನ್ನು ನೆಚ್ಚಿಕೊಂಡಿದೆ. ಅವರು ದೀಪ ಆರಿಸಿದ ದಿನ ಏನಾಗುವುದೆಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ. 2008ರ ಉಚಿತ ಆವೃತ್ತಿಯನ್ನು ಆಡುವವರು ಮಾತ್ರ ಇನ್ನೂ ಇದ್ದಾರೆ. ಅದರೊಡನೆ ಬಂದ 65 ಹಾದಿಗಳಲ್ಲಿ ಮೊದಲನೆಯದನ್ನು ಮುಗಿಸಲು ಅರ್ಧ ನಿಮಿಷವೂ ಬೇಡ. ಆ ಅರ್ಧ ನಿಮಿಷದೊಳಗಿನಿಂದ ಇನ್ನೊಂದು ನೂರನೆಯ ಪಾಲನ್ನು ಹಿಂಡಲು ಯಾರೋ ಇಂದಿಗೂ ಕುಳಿತಿರುತ್ತಾರೆ.