ಗಿಟಾರನ್ನೂ ಬಾಗಿಲ ಬೆಳಕಿಗೆ ತಂದು ನೋಡಿ

ಸೀರೆ ಅಂಗಡಿಗೆ ಹೋದಾಗ ನಾವೇನು ಮಾಡುತ್ತೇವೆ? ಒಳಗಿನ ದೀಪದಲ್ಲಿ ಎಷ್ಟೇ ಚೆಂದ ಕಂಡರೂ, ಸೆರಗು ಹಿಡಿದುಕೊಂಡು ಬಾಗಿಲ ಹತ್ತಿರ ಬಂದು ಬಿಸಿಲ ಬೆಳಕಿನಲ್ಲಿ ಒಮ್ಮೆ ನೋಡಿಯೇ ತೀರುತ್ತೇವೆ. ಒಳಗೆ ಮಾವಿನ ಚಿಗುರಿನ ಬಣ್ಣ ಅನ್ನಿಸಿದ್ದು ಹೊರಗೆ ಬಂದರೆ ಇಟ್ಟಿಗೆಯ ಬಣ್ಣ! ನಮ್ಮ ಅಮ್ಮಂದಿರು ಕಲಿಸಿಕೊಟ್ಟ ಬುದ್ಧಿ ಇದು. ಆದರೆ ಮೊಬೈಲಿನಲ್ಲಿ ವಿಡಿಯೋ ನೋಡುವಾಗ ಮಾತ್ರ ಇದೇ ಬುದ್ಧಿಯನ್ನು ಮರೆತುಬಿಡುತ್ತೇವೆ. ನಾನಂತೂ ಮರೆತೆ. ದುಡ್ಡು ಹೋದದ್ದು ಒತ್ತಟ್ಟಿಗಿರಲಿ, ಮಗಳಿಗೆ ಆಡಬಾರದ ಮಾತು ಆಡಿದೆ. ಅದಕ್ಕೇ ಈ ಸಲ ಹಪ್ಪಳ ಸಂಡಿಗೆಯ ಮಾತೆಲ್ಲ ಬಿಟ್ಟು ಗಿಟಾರಿನ ಸುದ್ದಿ.

“ಗಿಟಾರಾ? ಅದೆಲ್ಲ ನಮಗ್ಯಾಕ್ರೀ?” ಅಂತೀರಾ? ಮನೆಯಲ್ಲಿ ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಮಕ್ಕಳಿದ್ದರೆ ಈ ಬೇಡಿಕೆ ಇವತ್ತಲ್ಲ ನಾಳೆ ನಿಮ್ಮ ಮನೆಗೂ ಬಂದೀತು. ಸ್ವಲ್ಪ ಕೇಳಿಸಿಕೊಳ್ಳಿ.

ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಾಗ ಬೇರೇನೂ ಕೇಳಲಿಲ್ಲ, ಒಂದು ಗಿಟಾರ್ ಕೇಳಿದಳು. ಚೀಟಿಯ ಹಣ ಬಂದಿತ್ತು, “ಆಗಲಿ” ಅಂದೆ. ನಮ್ಮೂರಿನಲ್ಲಿ ಹಾರ್ಮೋನಿಯಂ, ತಬಲ ಸಿಕ್ಕಾವು, ಗಿಟಾರ್ ಅಂಗಡಿ ಎಲ್ಲಿಂದ ಬರಬೇಕು? ಅಮ್ಮ ಮಗಳು ಕೂತು ವಿಡಿಯೋ ನೋಡಿದೆವು. ಒಂದರಲ್ಲಿ ಒಬ್ಬ ಯುವಕ ಜಲಪಾತದ ಮುಂದೆ ಕೂತು ನುಡಿಸುತ್ತಿದ್ದ. ಆಹಾ, ಏನು ನಾದ! ಕಣ್ಣು ಮುಚ್ಚಿದರೆ ದೇವಸ್ಥಾನದ ಪ್ರಾಕಾರದಲ್ಲಿ ಕೂತ ಹಾಗೆ. “ಇದೇ ಇರಲಿ” ಅಂದವಳು ನಾನೇ. ಒಂದು ವಾರಕ್ಕೆ ಪೆಟ್ಟಿಗೆ ಮನೆಗೆ ಬಂತು.

ಮನೆಯಲ್ಲಿ ನುಡಿಸಿದರೆ ಆ ನಾದವೇ ಇಲ್ಲ. ಡಬ್ಬ ಬಡಿದ ಹಾಗೆ. ಹದಿನೈದು ದಿನದಲ್ಲಿ ಹುಡುಗಿಯ ಬೆರಳ ತುದಿ ಕೆಂಪಾಗಿ ಊದಿಕೊಂಡವು. ಮೂರು ತಿಂಗಳಿಗೆ ಗಿಟಾರ್ ಬೀರುವಿನ ಮೇಲೆ ಹತ್ತಿತು. ನನಗೆ ಸಿಟ್ಟು. “ಸಂಗೀತಕ್ಕೆ ಸೇರಿಸಿದೆ, ಬಿಟ್ಟೆ. ಚಿತ್ರ ಬರೀತೀನಿ ಅಂದೆ, ಅದೂ ಬಿಟ್ಟೆ. ಈಗ ಇದು. ನಿನಗೆ ಹಟ ಅನ್ನೋದೇ ಇಲ್ಲ ಕಣೇ!” ಅಂದುಬಿಟ್ಟೆ. ಅವಳು ಎದುರು ಮಾತಾಡಲಿಲ್ಲ, ಎದ್ದು ಒಳಗೆ ಹೋದಳು.

ದಸರಾ ರಜೆಯಲ್ಲಿ ಮೈಸೂರಿನ ನಮ್ಮಣ್ಣನ ಮನೆಗೆ ಹೋದಾಗ, ಮಾರಿಯಾದರೂ ಬಿಡೋಣ ಅಂತ ಅದನ್ನು ಹೊತ್ತುಕೊಂಡು ಹೋಗಿದ್ದೆ. ಅಣ್ಣನ ಮಗ ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರು ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಶಾಲೆಯ ಮಕ್ಕಳ ಸ್ಕೇಲಿನಂಥದ್ದೊಂದನ್ನು ತಂತಿಯ ಕೆಳಗೆ ಹಿಡಿದು ನೋಡಿದರು. “ಅಮ್ಮಾ, ಇಲ್ಲಿ ನಾಲ್ಕು ಮಿಲಿಮೀಟರ್ ಸಂದು ಇದೆ. ಇದನ್ನ ಒತ್ತಿದರೆ ನನ್ನ ಬೆರಳೂ ನೋಯುತ್ತೆ. ಮಗೂದೇನೂ ತಪ್ಪಿಲ್ಲ” ಅಂದರು.

ಮಗಳು ಪಕ್ಕದಲ್ಲೇ ನಿಂತಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ.

ಆ ವಿಡಿಯೋ ಸುಳ್ಳು ಹೇಳಿತೇ? ಒಂದು ಸುಳ್ಳೂ ಹೇಳಿರಲಿಲ್ಲ. ಹೇಳಬೇಕಾದ್ದನ್ನು ಹೇಳಲಿಲ್ಲ, ಅಷ್ಟೇ. ಅವತ್ತು ರಾತ್ರಿ ಅಣ್ಣನ ಮಗ ನಮ್ಮನ್ನು ಕೂರಿಸಿಕೊಂಡು ಹತ್ತಾರು ವಿಡಿಯೋ ತೋರಿಸಿದ. ಯಾವುದು ಒಳ್ಳೆಯದು, ಯಾವುದು ಬರೀ ಥಳಕು ಅಂತ ಬಿಡಿಸಿ ಹೇಳಿದ. ಅದರ ಸಾರ ಇಷ್ಟು: ಒಳ್ಳೆಯ ವಿಡಿಯೋ ನುಡಿಸುವವನ ಜಾಣತನ ತೋರಿಸುವುದಿಲ್ಲ; ಆ ಗಿಟಾರ್ ನಿಮ್ಮ ಮನೆಯಲ್ಲಿ, ನಿಮ್ಮ ಮಗುವಿನ ಕೈಯಲ್ಲಿ ಹೇಗಿದ್ದೀತು ಎಂಬುದನ್ನು ತೋರಿಸುತ್ತದೆ.

ಮೊದಲು ನಾದದ ವಿಷಯ. ನಾವು ಮರುಳಾದ ಆ ಪ್ರಾಕಾರದ ಮಾರ್ದನಿ ಗಿಟಾರಿನದಲ್ಲವಂತೆ, ಆಮೇಲೆ ಕಂಪ್ಯೂಟರಿನಲ್ಲಿ ಬೆರೆಸಿದ್ದು. ಸಾರಿಗೆ ಉಪ್ಪು ಕಡಿಮೆಯಾದರೆ ಉಪ್ಪಿನಕಾಯಿ ಬಡಿಸಿದ ಹಾಗೆ! ಕೆಲವು ಗಿಟಾರುಗಳ ಒಡಲೊಳಗೆ ಒಂದು ಯಂತ್ರವಿರುತ್ತದೆ, ವೈರು ಸಿಕ್ಕಿಸಿದರೆ ನಾದ ನೇರ ಸ್ಪೀಕರಿಗೆ ಹೋಗುತ್ತದೆ. ಆ ನಾದವೇ ಬೇರೆ, ವಾದ್ಯದಿಂದ ಗಾಳಿಯಲ್ಲಿ ಬರುವ ನಾದವೇ ಬೇರೆ. ಒಳ್ಳೆಯ ವಿಡಿಯೋದಲ್ಲಿ ಯಾವುದು ಯಾವುದು ಎಂದು ಹೇಳಿ, ಎರಡನ್ನೂ ಬೇರೆ ಬೇರೆ ಕೇಳಿಸುತ್ತಾರೆ.

ಮೈಕನ್ನು ಎಲ್ಲಿಟ್ಟರು ಅನ್ನುವುದೂ ಮುಖ್ಯ. ಗಿಟಾರಿನ ಹೊಟ್ಟೆಯ ರಂಧ್ರಕ್ಕೆ ನೇರವಾಗಿ ಹಿಡಿದರೆ ಬರೀ ‘ಗುಂಯ್’ ಅನ್ನುವ ಮಂದ್ರ ತುಂಬಿಕೊಳ್ಳುತ್ತದೆ. ಅದಕ್ಕೇ ಬಲ್ಲವರು ಸುಮಾರು ಒಂದಡಿ ದೂರದಲ್ಲಿ, ಹನ್ನೆರಡನೆಯ ಮೆಟ್ಟಿಲಿನ ಕಡೆಗೆ ಮುಖಮಾಡಿ ಇಡುತ್ತಾರೆ. ವೀಣೆಯಲ್ಲಿ ಮೆಟ್ಟಿಲು ಅನ್ನುತ್ತೇವಲ್ಲ, ಗಿಟಾರಿನವರು ಅದನ್ನೇ ಫ್ರೆಟ್ ಅನ್ನುತ್ತಾರೆ.

ಇನ್ನು ಎರಡು ಗಿಟಾರುಗಳನ್ನು ಹೋಲಿಸಿ ತೋರಿಸುವ ವಿಡಿಯೋ. ಅದರಲ್ಲಿ ನುಡಿಸುವವರು ಒಬ್ಬರೇ ಇರಬೇಕು. ತುಣುಕು ಅದೇ, ಕೋಣೆ ಅದೇ, ಮೈಕಿನ ದೂರ ಅದೇ. ಧ್ವನಿಯ ಗಾತ್ರವೂ ಒಂದೇ ಮಟ್ಟದಲ್ಲಿರಬೇಕು. ಯಾಕೆಂದರೆ ತುಸು ಜೋರಾಗಿ ಕೇಳಿಸಿದ್ದೇ ಮೇಲು ಅಂತ ನಮ್ಮ ಕಿವಿ ತೀರ್ಮಾನ ಮಾಡಿಬಿಡುತ್ತದಂತೆ. ಒಂದಕ್ಕೆ ಹೊಸ ತಂತಿ, ಇನ್ನೊಂದಕ್ಕೆ ಹಳೇ ತಂತಿ ಇದ್ದರೂ ಮೋಸವೇ. ಹೊಸ ತಂತಿ ಹೊಳೆಯುವ ಹಾಗೆ ನುಡಿಯುತ್ತದೆ, ಹಳತು ಮಂಕು. ಒಂದು ಪಾಯಸಕ್ಕೆ ಬೆಲ್ಲ, ಇನ್ನೊಂದಕ್ಕೆ ಸಕ್ಕರೆ ಹಾಕಿ, ಶಾವಿಗೆ ಯಾವುದು ಚೆನ್ನ ಅಂತ ಕೇಳಿದರೆ ಏನು ಹೇಳೋಣ?

ಮರದ ವಿಷಯಕ್ಕೆ ಬನ್ನಿ. ವಿಡಿಯೋದಲ್ಲಿ ಹೊಳೆಯುವ ಬೆನ್ನನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ ಪ್ರಪಂಚದ ಹೆಸರಾಂತ ಗಿಟಾರುಗಳ ಬೆನ್ನಿಗೂ ಪಕ್ಕಕ್ಕೂ ಹೋಗಿದೆ, ಕೇಳಿದರೆ ಹೆಮ್ಮೆಯೇ. ಆದರೆ ನಾದದ ಮುಖ್ಯ ಕೆಲಸ ಮಾಡುವುದು ಮುಂದಿನ ಹಲಗೆ. ಸ್ಪೇನ್ ದೇಶದ ಆಂಟೋನಿಯೋ ದೆ ಟೊರೆಸ್ ಎಂಬ ಹೆಸರುವಾಸಿ ಗಿಟಾರ್ ಕುಶಲಕರ್ಮಿ ಇದನ್ನು ತೋರಿಸಿಕೊಡಲೆಂದೇ ೧೮೬೨ರಲ್ಲಿ ಒಂದು ಗಿಟಾರ್ ಮಾಡಿದ. ಮುಂದಿನ ಹಲಗೆ ಒಳ್ಳೆಯ ಮರದ್ದು, ಬೆನ್ನು ಮತ್ತು ಪಕ್ಕ ಬರೀ ಕಾಗದದ ರಟ್ಟು! ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಆದ್ದರಿಂದ ಮುಂದಿನ ಹಲಗೆ ಇಡಿಯ ಮರದ್ದೋ ಅಥವಾ ಪದರ ಅಂಟಿಸಿದ ಪ್ಲೈವುಡ್ಡಿನದೋ ಅಂತ ವಿಡಿಯೋ ಬಾಯಿಬಿಟ್ಟು ಹೇಳಬೇಕು. ಕಡಿಮೆ ಬೆಲೆಯದಾದರೆ ಪ್ಲೈವುಡ್ ಇರಲಿ ಬಿಡಿ, ಕಲಿಯಲು ಅಡ್ಡಿಯಿಲ್ಲ. ಆದರೆ ಮುಚ್ಚಿಡಬಾರದು.

ನಮ್ಮನ್ನು ಕೆಡಿಸಿದ್ದು ತಂತಿಯ ಎತ್ತರ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಹನ್ನೆರಡನೆಯ ಮೆಟ್ಟಿಲಿಗೂ ತಂತಿಗೂ ನಡುವೆ ಸುಮಾರು ೨ರಿಂದ ೨.೫ ಮಿಲಿಮೀಟರ್ ಸಂದು ಇದ್ದರೆ ಬೆರಳಿಗೆ ಹಿತ. ಹೆಚ್ಚಾದರೆ ಒತ್ತುವುದು ಕಷ್ಟ, ತೀರಾ ಕಡಿಮೆಯಾದರೆ ತಂತಿ ಮೆಟ್ಟಿಲಿಗೆ ತಗುಲಿ ‘ಝರ್ರ್’ ಅನ್ನುತ್ತದೆ. ಆರೂ ತಂತಿ ಸೇರಿ ಗಿಟಾರಿನ ಕತ್ತನ್ನು ಸುಮಾರು ೭೦ ಕಿಲೋ ಬಲದಿಂದ ಎಳೆಯುತ್ತಿರುತ್ತವೆ. ಒಬ್ಬ ಗಂಡಾಳು ಸದಾ ಜೋತುಬಿದ್ದ ಹಾಗೆ! ಬಿಸಿಲಿಗೆ, ತೇವಕ್ಕೆ ಕತ್ತು ಬಾಗಿದರೆ ಸಂದು ಏರುಪೇರಾಗುತ್ತದೆ. ಒಳ್ಳೆಯ ವಿಡಿಯೋದವರು ಕ್ಯಾಮೆರಾವನ್ನು ಪಕ್ಕಕ್ಕೆ ತಂದು, ಸ್ಕೇಲಿಟ್ಟು ಈ ಸಂದನ್ನು ತೋರಿಸುತ್ತಾರೆ. ಪ್ರತಿ ತಂತಿಯನ್ನೂ ಮೊದಲ ಮೆಟ್ಟಿಲಿನಿಂದ ಮೇಲಿನವರೆಗೆ ಒಂದೊಂದಾಗಿ ನುಡಿಸಿ, ಎಲ್ಲಿಯೂ ಝರ್ರ್ ಅನ್ನುವುದಿಲ್ಲ ಅಂತ ಕೇಳಿಸುತ್ತಾರೆ. ನೋಡಲು ಬೇಸರವಾದೀತು. ಆದರೆ ಬೇಳೆ ಆರಿಸುವ ಕೆಲಸ ಯಾವತ್ತು ಬೇಸರವಿಲ್ಲದ್ದು?

ಗಾತ್ರವನ್ನೂ ನೋಡಬೇಕು. ಹಾಡಿನ ಜೊತೆಗೆ ನುಡಿಸುವ ದೊಡ್ಡ ಹೊಟ್ಟೆಯ ಗಿಟಾರಿಗೆ ಡ್ರೆಡ್‌ನಾಟ್ ಅಂತ ಹೆಸರು. ೧೯೦೬ರ ಒಂದು ಬ್ರಿಟಿಷ್ ಯುದ್ಧನೌಕೆಯ ಹೆಸರದು. ಅಮೆರಿಕದ ಮಾರ್ಟಿನ್ ಕಂಪನಿ ೧೯೧೬ರಲ್ಲಿ ಇದನ್ನು ಮೊದಲು ತಯಾರಿಸಿತು. ಅದರ ಹೊಟ್ಟೆ ಹದಿನೈದೂವರೆ ಇಂಚಿಗೂ ಅಗಲ. ವಿಡಿಯೋದ ಯುವಕ ಆರಡಿ ಆಳಾಗಿದ್ದರೆ ಅವನ ತೊಡೆಯ ಮೇಲೆ ಅದು ಆಟಿಕೆಯಂತೆ ಕಾಣುತ್ತದೆ. ನಮ್ಮ ಹುಡುಗಿಯ ತೊಡೆಯ ಮೇಲಿಟ್ಟರೆ ಅವಳ ಗಲ್ಲಕ್ಕೆ ಬರುತ್ತದೆ! ಆದ್ದರಿಂದ ಅಳತೆಯನ್ನು ಅಂಕಿಯಲ್ಲಿ ಹೇಳಬೇಕು, ಕೂತು ಹಿಡಿದುಕೊಂಡದ್ದನ್ನು ಎದುರಿನಿಂದ ತೋರಿಸಬೇಕು.

ಗಿಟಾರನ್ನು ಅವರಿಗೆ ಯಾರು ಕೊಟ್ಟರು, ದುಡ್ಡು ಪಡೆದು ಹೊಗಳುತ್ತಿದ್ದಾರೋ ಅನ್ನುವುದನ್ನೂ ಕೇಳಿಸಿಕೊಳ್ಳಿ. ಇಂಥ ಹೊಗಳಿಕೆಯನ್ನು ಜಾಹೀರಾತು ಅಂತಲೇ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ ೨೦೨೧ರಲ್ಲಿ ನಿಯಮ ಮಾಡಿದೆ. ಒಂದು ಕುಂದನ್ನೂ ಹೇಳದ ವಿಡಿಯೋ, ಸೊಸೆಯನ್ನು ಬರೀ ಹೊಗಳುವ ಅತ್ತೆಯ ಹಾಗೆ. ಇದ್ದರೆ ಸಂತೋಷ, ಆದರೆ ಇನ್ನೊಂದು ಸಲ ವಿಚಾರಿಸುವುದು ಒಳ್ಳೆಯದು!

ಕೇಳುವವರಾದ ನಮ್ಮದೂ ಒಂದು ಕೆಲಸವಿದೆ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ೮೨ ಸಲ ಕಂಪಿಸುತ್ತದೆ, ಅತಿ ತೆಳುವಾದದ್ದು ಸುಮಾರು ೩೩೦ ಸಲ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಮಂದ್ರದ ನಾದವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಎರಡು ಕಿವಿಗೂ ಇಯರ್‌ಫೋನ್ ಹಾಕಿಕೊಂಡು, ಮಿಕ್ಸಿ, ಕುಕ್ಕರಿನ ಗದ್ದಲ ಮುಗಿದ ಮೇಲೆ ಕೇಳಿ. ಮೇಲಾಗಿ, ಎಷ್ಟೇ ಒಳ್ಳೆಯ ವಿಡಿಯೋ ಆದರೂ ಅದರಲ್ಲಿರುವುದು ಅವರ ಗಿಟಾರ್, ನಿಮ್ಮ ಮನೆಗೆ ಬರುವುದು ಇನ್ನೊಂದು. ಆದ್ದರಿಂದ ವಾಪಸು ಕೊಡುವ ಅವಕಾಶ ಎಷ್ಟು ದಿನ ಅಂತ ಮೊದಲೇ ಕೇಳಿಕೊಂಡು, ಬಂದ ದಿನವೇ ಸ್ಕೇಲು ಹಿಡಿಯಿರಿ.

ನಮ್ಮ ಗಿಟಾರ್ ಏನಾಯಿತು ಅಂತೀರಾ? ಆ ಹಿರಿಯರು ಕತ್ತಿನೊಳಗಿನ ಸರಳನ್ನು ತಿರುಗಿಸಿ, ಕುದುರೆಯ ಮೇಲಿನ ಬಿಳಿ ಪಟ್ಟಿಯನ್ನು ಕೆಳಗಡೆಯಿಂದ ಉಜ್ಜಿ, ತೆಳು ತಂತಿ ಹಾಕಿಕೊಟ್ಟರು. ಅವತ್ತು ಸಂಜೆ ಬಸ್ಸಿನಲ್ಲಿ ಬರುವಾಗ ನಾನು, “ಹಟ ಇಲ್ಲ ಅಂದಿದ್ದೆ. ತಪ್ಪಾಯ್ತು ಕಣೇ” ಅಂದೆ. ಅವಳು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, “ನಾನೂ ಹಾಗೇ ಅಂದ್ಕೊಂಡುಬಿಟ್ಟಿದ್ದೆ ಅಮ್ಮ” ಅಂದಳು. ಈ ಮಾತು ನನಗೆ ಹೆಚ್ಚು ಚುಚ್ಚಿತು. ವಸ್ತುವಿನ ಕುಂದನ್ನು ಮಕ್ಕಳು ತಮ್ಮ ಕುಂದು ಅಂದುಕೊಂಡರೆ ಅದನ್ನು ಯಾವ ಸ್ಕೇಲಿನಿಂದ ಅಳೆಯುವುದು?

ಈಗ ದಿನಾ ಅರ್ಧ ಗಂಟೆ ನುಡಿಸುತ್ತಾಳೆ. ಹೋದ ತಿಂಗಳು ತಾನೇ ಒಂದು ವಿಡಿಯೋ ಮಾಡಿದಳು. ಫ್ಯಾನು ನಿಲ್ಲಿಸಿ, ನನ್ನ ಕುಕ್ಕರನ್ನೂ ಇಳಿಸಲು ಹೇಳಿ, ಸ್ಟೀಲ್ ಡಬ್ಬಗಳ ಮೇಲೆ ಮೊಬೈಲ್ ಇಟ್ಟು, ಒಂದೊಂದೇ ತಂತಿ ನುಡಿಸಿದಳು. ಸ್ಕೇಲಿಟ್ಟು ಸಂದು ತೋರಿಸಿದಳು. “ಮೂರನೇ ತಂತಿ ಐದನೇ ಫ್ರೆಟ್ಟಿನಲ್ಲಿ ಸ್ವಲ್ಪ ಝರ್ರ್ ಅನ್ನುತ್ತೆ, ಕೇಳಿ” ಅಂತ ಅದನ್ನೂ ಕೇಳಿಸಿದಳು. ಜಲಪಾತವಿಲ್ಲ, ಹಿಂದುಗಡೆ ನಮ್ಮ ಒಣಹಾಕಿದ ಬಟ್ಟೆ ಕಾಣುತ್ತದೆ. ಇರಲಿ ಬಿಡಿ.

ಮರೆಯದಿರಿ

• ಮಾತಿಗಿಂತ ಹೆಚ್ಚು ಹೊತ್ತು ಬರೀ ಗಿಟಾರಿನ ನಾದ ಕೇಳಿಸುತ್ತಾರೆಯೇ?
• ಮಾರ್ದನಿ ಬೆರೆಸಿಲ್ಲವೆಂದು ಹೇಳಿದ್ದಾರೆಯೇ?
• ತಂತಿ ಯಾವುದು, ಹೊಸದೋ ಹಳೆಯದೋ ತಿಳಿಸಿದ್ದಾರೆಯೇ?
• ಹನ್ನೆರಡನೆಯ ಮೆಟ್ಟಿಲಿನ ಸಂದು ಅಳೆದು ತೋರಿಸಿದ್ದಾರೆಯೇ?
• ಕಲಿಯುವವರು ನುಡಿಸುವ ಸರಳ ಪಾಠವನ್ನೂ ನುಡಿಸಿದ್ದಾರೆಯೇ?
• ಒಂದಾದರೂ ಕುಂದು ಹೇಳಿದ್ದಾರೆಯೇ?

ಆರರಲ್ಲಿ ನಾಲ್ಕಕ್ಕೆ ಹೌದು ಎಂದು ಬಂದರೆ ಆ ವಿಡಿಯೋವನ್ನು ನಂಬಿ ಮುಂದುವರಿಯಬಹುದು. ಇಲ್ಲವಾದರೆ ಚೀಟಿಯ ಹಣ ಇನ್ನೂ ಸ್ವಲ್ಪ ದಿನ ಡಬ್ಬದಲ್ಲೇ ಇರಲಿ. ನಿಮ್ಮ ಮನೆಯ ಬೀರುವಿನ ಮೇಲೂ ಯಾವುದಾದರೂ ವಾದ್ಯ ಧೂಳು ಹಿಡಿದು ಕೂತಿದ್ದರೆ, ಮಕ್ಕಳನ್ನು ಬಯ್ಯುವ ಮೊದಲು ಒಂದು ಸಲ ಕೆಳಗಿಳಿಸಿ ನೋಡಿ. ಏನು ಕಂಡಿರಿ ಅಂತ ನನಗೂ ಬರೆಯಿರಿ.